ಕಳೆ ಯಾವುದು, ಬೆಳೆ ಯಾವುದು: ಪರಾವಲಂಬಿಗಳನ್ನು ಎದುರಿಸುವ ನಮ್ಮದೇ ಪೆಪ್ಟೈಡ್‌ಗಳು

(ವಿಜಯಪುರದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಡಲಾಗದ್ದರಿಂದ ಅವುಗಳ ಜಾಗದಲ್ಲಿ ಒಂದೆರಡು ವಾಕ್ಯ ಹೆಚ್ಚಿಗೆ ಬರೆದಿದ್ದೇನೆ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಭಾಗದಲ್ಲಿ ಎಲ್ಲರೂ ಪ್ಲೇಟ್‌ಲೆಟ್ ತಜ್ಞರಾಗಿಬಿಡುತ್ತಾರೆ. ಜ್ವರ ಬಂದವರನ್ನು ನೋಡಲು ಹೋದರೆ "ಹೇಗಿದ್ದೀರಿ" ಎನ್ನುವ ಮೊದಲು "ಪ್ಲೇಟ್‌ಲೆಟ್ ಎಷ್ಟಿದೆ" ಎಂದು ಕೇಳುತ್ತಾರೆ. ಒಂದೂವರೆ ಲಕ್ಷಕ್ಕಿಂತ ಕೆಳಗಿಳಿಯಿತು ಎಂದರೆ ಒಬ್ಬರು ಪಪ್ಪಾಯಿ ಎಲೆ ಹುಡುಕಲು ಓಡುತ್ತಾರೆ, ಇನ್ನೊಬ್ಬರು ಕಿವಿ ಹಣ್ಣು ತರುತ್ತಾರೆ. ಇದು ಡೆಂಗಿ ಜ್ವರ ಕಲಿಸಿದ ಪಾಠ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಪ್ಲೇಟ್‌ಲೆಟ್‌ನ ಕೆಲಸ, ಅದು ಕಡಿಮೆಯಾದರೆ ರಕ್ತಸ್ರಾವದ ಭಯ. ಇಷ್ಟು ಇಲ್ಲಿರುವ ಎಲ್ಲರಿಗೂ ಗೊತ್ತು.

ಇದೇ ಪ್ಲೇಟ್‌ಲೆಟ್ ಮಲೇರಿಯಾ ಪರಾವಲಂಬಿಯನ್ನು ಹಿಡಿದು ಕೊಲ್ಲುತ್ತದೆ ಎಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕೊಲ್ಲುವುದು ಒಂದು ಪುಟ್ಟ ಪ್ರೋಟೀನಿನ ಮೂಲಕ. ಇವತ್ತಿನ ಮಾತಿನ ನಡುಭಾಗ ಅದೇ. ಅಲ್ಲಿಗೆ ಹೋಗುವ ಮುನ್ನ ಸ್ವಲ್ಪ ಸುತ್ತು ಹಾಕಬೇಕು.

ಅಮೈನೋ ಆಮ್ಲಗಳು ಒಂದಕ್ಕೊಂದು ಜೋಡಿಸಿಕೊಂಡ ಉದ್ದ ಸರಣಿಯನ್ನು ಪ್ರೋಟೀನ್ ಎನ್ನುತ್ತೇವೆ. ಅದೇ ಸರಣಿ ಗಿಡ್ಡದಾಗಿದ್ದರೆ ಪೆಪ್ಟೈಡ್. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಅಣುವಿನಲ್ಲಿ 574 ಅಮೈನೋ ಆಮ್ಲಗಳಿವೆ. ಇವತ್ತು ನಾವು ಮಾತಾಡುವ ಎಲ್‌ಎಲ್-37 ಎಂಬ ಪೆಪ್ಟೈಡಿನಲ್ಲಿ ಇರುವುದು ಬರೀ 37. ನಿಮ್ಮ ಎಂಜಲಿನಲ್ಲಿರುವ ಹಿಸ್ಟಾಟಿನ್-5ರಲ್ಲಿ ಇನ್ನೂ ಕಡಿಮೆ, 24. ಬೆವರಿನಲ್ಲಿ ಡರ್ಮ್‌ಸಿಡಿನ್ ಇದೆ. ಬಿಳಿ ರಕ್ತಕಣಗಳಲ್ಲಿ, ಕರುಳಿನ ಒಳಪದರದಲ್ಲಿ ಡಿಫೆನ್ಸಿನ್‌ಗಳಿವೆ. ಲಸಿಕೆ ಹಾಕಿಸಿಕೊಂಡಾಗ ಹುಟ್ಟುವ ಪ್ರತಿಕಾಯಗಳ ಹಾಗೆ ಇವು ಶತ್ರುವಿನ ಗುರುತು ಕಲಿತು, ವಾರಗಟ್ಟಲೆ ತಯಾರಿ ನಡೆಸಿ ಬರುವಂಥವಲ್ಲ. ಕೆಲವು ಸದಾ ಸಿದ್ಧವಾಗಿಯೇ ಇರುತ್ತವೆ, ಇನ್ನು ಕೆಲವು ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ತಯಾರಾಗುತ್ತವೆ.

ಇವುಗಳ ಪತ್ತೆಯ ಕಥೆ ಮನುಷ್ಯನಿಂದ ಆರಂಭವಾಗಲಿಲ್ಲ. 1981ರಲ್ಲಿ ಸ್ವೀಡನ್ನಿನ ಹ್ಯಾನ್ಸ್ ಬೋಮನ್ ಮತ್ತು ಸಂಗಡಿಗರು ಒಂದು ಬಗೆಯ ದೊಡ್ಡ ರೇಷ್ಮೆ ಪತಂಗದ ಕೋಶಾವಸ್ಥೆಗೆ ಬ್ಯಾಕ್ಟೀರಿಯಾ ಚುಚ್ಚಿ, ಅದರ ರಕ್ತದಿಂದ ಸೆಕ್ರೋಪಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿದರು. ಪತಂಗಕ್ಕೆ ಪ್ರತಿಕಾಯಗಳೇ ಇಲ್ಲ, ಆದರೂ ಅದು ಬದುಕುತ್ತದೆ. 1985ರಲ್ಲಿ ಲಾಸ್ ಏಂಜಲೀಸಿನಲ್ಲಿ ಟೊಮಾಸ್ ಗಾಂಜ್, ಮೈಕಲ್ ಸೆಲ್ಸ್ಟೆಡ್, ರಾಬರ್ಟ್ ಲೆಹ್ರರ್ ಮತ್ತು ಜೊತೆಗಾರರು ಮನುಷ್ಯನ ಬಿಳಿ ರಕ್ತಕಣದ ಡಿಫೆನ್ಸಿನ್‌ಗಳನ್ನು ವಿವರಿಸಿದರು. ಎರಡು ವರ್ಷದ ಬಳಿಕ ಮೈಕಲ್ ಜಾಸ್ಲಾಫ್ ಕಪ್ಪೆಯ ಸುದ್ದಿ ತಂದರು. ಮೊಟ್ಟೆಗಾಗಿ ಹೊಟ್ಟೆ ಕೊಯ್ದು ಹೊಲಿದ ಆಫ್ರಿಕದ ಕಪ್ಪೆಗಳನ್ನು ರಾಡಿ ನೀರಿನ ತೊಟ್ಟಿಗೆ ವಾಪಸು ಬಿಟ್ಟರೂ ಅವುಗಳ ಗಾಯ ಕೀವುಗಟ್ಟದೆ ಮಾಯುತ್ತಿತ್ತು. ಏಕೆ ಎಂದು ಅವರು ಬೆನ್ನು ಹತ್ತಿದರು. ಕಪ್ಪೆಯ ಚರ್ಮದಲ್ಲಿ ಮ್ಯಾಗೈನಿನ್ ಎಂಬ ಪೆಪ್ಟೈಡ್ ಸಿಕ್ಕಿತು. ಅದು ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನಷ್ಟೇ ಅಲ್ಲ, ಏಕಕೋಶ ಪ್ರೋಟೊಜೋವಗಳನ್ನೂ ಒಡೆದು ಹಾಕುತ್ತದೆ ಎಂದು ಅವರ ಮೊದಲ ವರದಿಯಲ್ಲೇ ಇತ್ತು. ಆದರೂ ಮುಂದಿನ ಹಲವು ವರ್ಷ ಸಂಶೋಧನೆಯ ಹಣ, ಗಮನ ಎರಡೂ ಬ್ಯಾಕ್ಟೀರಿಯಾದ ಕಡೆಗೇ ಹರಿದವು. ಮಲೇರಿಯಾ, ಆಮಶಂಕೆ, ಮರಳುನೊಣ ಹರಡುವ ಕಾಲಾ ಅಜಾರ್ ಜ್ವರ, ಇವು ಬಡವರ ರೋಗಗಳು. ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ ಎಂದು ನನ್ನ ಅನಿಸಿಕೆ.

ಈಗ ಪೆಪ್ಟೈಡ್ ಕೊಲ್ಲುವುದು ಹೇಗೆ ಎಂದು ನೋಡೋಣ. ಈ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶ ಇರುತ್ತದೆ. ಜೊತೆಗೆ ಅವುಗಳ ಒಂದು ಮಗ್ಗುಲಿಗೆ ನೀರು ಹಿತ, ಇನ್ನೊಂದು ಮಗ್ಗುಲಿಗೆ ಎಣ್ಣೆಯಂಶ ಹಿತ. ಬ್ಯಾಕ್ಟೀರಿಯಾದ ಹೊರಮೈಗೆ ಋಣ ವಿದ್ಯುದಂಶ ಇರುವುದರಿಂದ ಪೆಪ್ಟೈಡ್ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ, ಎಣ್ಣೆಯ ಮಗ್ಗುಲನ್ನು ಕೊಬ್ಬಿನ ಪೊರೆಯೊಳಗೆ ತೂರಿಸುತ್ತದೆ. ಅಂಥ ಹತ್ತಾರು ಅಣುಗಳು ಸೇರಿದರೆ ಪೊರೆ ತೂತು ಬೀಳುತ್ತದೆ. ನಮ್ಮ ಜೀವಕೋಶದ ಪೊರೆಯ ಹೊರಬದಿಯಲ್ಲಿ ಅಷ್ಟು ಋಣಾಂಶವಿಲ್ಲ, ಮೇಲಾಗಿ ಕೊಲೆಸ್ಟರಾಲ್ ಸೇರಿ ಅದು ಬಿಗಿಯಾಗಿದೆ. ಹೀಗಾಗಿ ನಮಗೆ ಅಪಾಯ ಕಡಿಮೆ. ಕೊಲೆಸ್ಟರಾಲ್ ಎಂದರೆ ಬೆಚ್ಚಿಬೀಳುವವರು ಇದನ್ನು ಗಮನಿಸಬೇಕು: ಅದಿಲ್ಲದಿದ್ದರೆ ನಮ್ಮ ಮದ್ದು ನಮ್ಮನ್ನೇ ಸುಡುತ್ತಿತ್ತು.

ಬ್ಯಾಕ್ಟೀರಿಯಾದ ಮಟ್ಟಿಗೆ ಲೆಕ್ಕ ಸುಲಭ. ಪರಾವಲಂಬಿಗಳ ವಿಷಯದಲ್ಲಿ ಅದು ತಪ್ಪುತ್ತದೆ.

ಮಲೇರಿಯಾದ ಪ್ಲಾಸ್ಮೋಡಿಯಂ, ಆಮಶಂಕೆಯ ಅಮೀಬಾ, ಕಾಲಾ ಅಜಾರಿನ ಲೀಶ್‌ಮೇನಿಯಾ, ಇವು ಒಂದೇ ಕೋಶದ ಜೀವಿಗಳಾದರೂ ಬ್ಯಾಕ್ಟೀರಿಯಾಗಳಲ್ಲ. ಅವುಗಳ ಕೋಶಕ್ಕೆ ನಮ್ಮ ಕೋಶದ ಹಾಗೆಯೇ ಕೋಶಕೇಂದ್ರ ಇದೆ, ಒಳಗೆ ಬೇರೆ ಬೇರೆ ಕೋಣೆಗಳಿವೆ, ಪೊರೆಯ ರಚನೆಯೂ ಬಹುಪಾಲು ನಮ್ಮದರಂತೆಯೇ ಇದೆ. ಜೋಳದ ಹೊಲದಲ್ಲಿ ಅಗಲ ಎಲೆಯ ಕಳೆ ಬಂದರೆ ಔಷಧ ಹೊಡೆದು ಮುಗಿಸಬಹುದು, ಜೋಳಕ್ಕೆ ಏನೂ ಆಗುವುದಿಲ್ಲ. ಅದೇ ಕಾಡುಜೋಳ ಎದ್ದರೆ? ತೆನೆ ಬಿಡುವವರೆಗೆ ಗುರುತೇ ಸಿಗುವುದಿಲ್ಲ. ಅದನ್ನು ಸಾಯಿಸುವ ಔಷಧ ಜೋಳವನ್ನೂ ಸಾಯಿಸುತ್ತದೆ. ಸಾಲು ಸಾಲು ನಡೆದು, ಬಗ್ಗಿ, ಒಂದೊಂದನ್ನೇ ಕೈಯಿಂದ ಕೀಳಬೇಕು. ಪರಾವಲಂಬಿಯ ವಿರುದ್ಧ ನಮ್ಮ ದೇಹ ಮಾಡುವುದು ಈ ಕೈಕೆಲಸವನ್ನೇ. ಪೆಪ್ಟೈಡನ್ನು ಎಲ್ಲ ಕಡೆ ಚೆಲ್ಲುವುದಿಲ್ಲ. ಪರಾವಲಂಬಿ ಕುಳಿತ ಜಾಗಕ್ಕೇ ಒಯ್ದು ಅಲ್ಲೇ ಬಿಡುತ್ತದೆ. ಪೆಪ್ಟೈಡ್ ಎಷ್ಟು ತೀಕ್ಷ್ಣ ಎನ್ನುವುದಕ್ಕಿಂತ ಅದನ್ನು ಎಲ್ಲಿ, ಯಾರು ಬಿಟ್ಟರು ಎನ್ನುವುದು ಇಲ್ಲಿ ಹೆಚ್ಚು ಮುಖ್ಯ.

ಮಲೇರಿಯಾಕ್ಕೆ ಬರೋಣ. ಆಲಮಟ್ಟಿಯ ನೀರು ಕಾಲುವೆಗಳಲ್ಲಿ ಹರಿಯುವ ನಮ್ಮ ಜಿಲ್ಲೆಗಳಿಗೆ ಅನಾಫಿಲಿಸ್ ಸೊಳ್ಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಕ್ಯುಲಿಸಿಫೇಸೀಸ್ ಜಾತಿ ಕಾಲುವೆ ಪಕ್ಕದ ಬಸಿನೀರಿನಲ್ಲಿ, ಹಳ್ಳದ ಗುಂಡಿಗಳಲ್ಲಿ ಮೊಟ್ಟೆ ಇಡುತ್ತದೆ. ಪಟ್ಟಣದ ಸ್ಟೆಫೆನ್ಸಿ ಜಾತಿಗೆ ಮುಚ್ಚಳವಿಲ್ಲದ ನೀರಿನ ಟ್ಯಾಂಕ್ ಸಾಕು. ಆಶಾ ಕಾರ್ಯಕರ್ತೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡು ಹೋಗುತ್ತಾರಲ್ಲ, ಆ ಗಾಜು ಪ್ರಯೋಗಾಲಯದಲ್ಲಿ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಿ.

(ಪರದೆಯ ಮೇಲೆ ಜೀಮ್ಸಾ ಬಣ್ಣ ಹಾಕಿದ ರಕ್ತಲೇಪನದ ಚಿತ್ರ.) ಸೂಕ್ಷ್ಮದರ್ಶಕದ ನೂರು ಪಟ್ಟಿನ ಮಸೂರಕ್ಕೆ ಒಂದು ಹನಿ ಎಣ್ಣೆ ಬಿಟ್ಟು ನೋಡಿದರೆ ಹೀಗೆ ಕಾಣುತ್ತದೆ. ನಸುಗೆಂಪು ಬಿಲ್ಲೆಗಳೆಲ್ಲ ಕೆಂಪು ರಕ್ತಕಣಗಳು. ಈ ಒಂದರೊಳಗೆ ತೆಳು ನೀಲಿ ಉಂಗುರ, ಉಂಗುರದ ಅಂಚಿಗೆ ಕೆಂಪು ಚುಕ್ಕೆ ಕಾಣಿಸುತ್ತದೆಯೇ? ಅದೇ ಹೆಚ್ಚು ಮಾರಕವಾದ ಮಲೇರಿಯಾ ತರುವ ಫಾಲ್ಸಿಪೇರಂ ಎಂಬ ಪರಾವಲಂಬಿಯ ಎಳೆಯ ರೂಪ. ಪಕ್ಕದಲ್ಲಿ ಕೆನ್ನೇರಳೆ ಧೂಳಿನ ಕಣದಂತೆ ಇರುವುದು ಪ್ಲೇಟ್‌ಲೆಟ್. ಹೊಸದಾಗಿ ಕಲಿಯುವವರು ಕೆಂಪುಕಣದ ಮೇಲೆ ಕುಳಿತ ಪ್ಲೇಟ್‌ಲೆಟ್ಟನ್ನು ನೋಡಿ ಪರಾವಲಂಬಿ ಎಂದು ಬರೆದುಬಿಡುತ್ತಾರೆ. ಅದು ಬಣ್ಣದ ಮೋಸ, ತಿದ್ದಿಕೋ ಎಂದು ತಲೆಮಾರುಗಳಿಂದ ಹೇಳಿಕೊಡುತ್ತಾ ಬಂದಿದ್ದೇವೆ. ಆದರೆ ಪ್ಲೇಟ್‌ಲೆಟ್ ಕೆಲವೊಮ್ಮೆ ಸುಮ್ಮನೆ ಕುಳಿತಿರುವುದಿಲ್ಲ.

ಪರಾವಲಂಬಿ ಕೆಂಪುಕಣದೊಳಗೆ ಹೊಕ್ಕು ಮಾಡುವುದು ಊಟ. ಹಿಮೋಗ್ಲೋಬಿನನ್ನು ಗುಟುಕಿಸಿ ತನ್ನೊಳಗಿನ ಒಂದು ಆಮ್ಲದ ಚೀಲಕ್ಕೆ ಹಾಕಿಕೊಂಡು ಜೀರ್ಣಿಸುತ್ತದೆ. ಪ್ರೋಟೀನ್ ಭಾಗ ಆಹಾರವಾಗುತ್ತದೆ, ಉಳಿಯುವ ಹೀಮ್ ಎಂಬ ಕಬ್ಬಿಣದ ಭಾಗ ವಿಷ. ಅದನ್ನು ಹರಳುಗಟ್ಟಿಸಿ ಕಪ್ಪು ಕಣಗಳಾಗಿ ಒಂದೆಡೆ ಕೂಡಿಡುತ್ತದೆ. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ಈ ಕಪ್ಪು ಬಣ್ಣದ ಬೆನ್ನು ಹತ್ತಿ. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯ ಗುರುತು ಹಿಡಿದದ್ದೂ ಇದೇ ಕಪ್ಪು ಕಣಗಳಿಂದ. ಅದಕ್ಕೂ ಮುನ್ನ ಅವರು ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರು. ಒಂದಿಷ್ಟು ಅದೃಷ್ಟ ಇದ್ದಿದ್ದರೆ ಆ ಕೀರ್ತಿ ನಮ್ಮ ರಾಜ್ಯಕ್ಕೆ ಬರುತ್ತಿತ್ತು, ಇರಲಿ.

2009ರಲ್ಲಿ ಆಸ್ಟ್ರೇಲಿಯಾದ ಬ್ರೆಂಡನ್ ಮೆಕ್‌ಮೊರಾನ್, ಸೈಮನ್ ಫೂಟ್ ಮತ್ತು ಸಂಗಡಿಗರು ಸೋಂಕಿತ ಕೆಂಪುಕಣಗಳ ಜೊತೆ ಮನುಷ್ಯರ ಪ್ಲೇಟ್‌ಲೆಟ್‌ಗಳನ್ನು ಬೆರೆಸಿ ನೋಡಿದರು. ಪ್ಲೇಟ್‌ಲೆಟ್ ಸೋಂಕಿತ ಕಣಕ್ಕೆ ಅಂಟಿಕೊಂಡಿತು, ಒಳಗಿನ ಪರಾವಲಂಬಿ ಸತ್ತಿತು. ಆಸ್ಪಿರಿನ್ ಹಾಕಿ ಪ್ಲೇಟ್‌ಲೆಟ್ಟನ್ನು ನಿಷ್ಕ್ರಿಯಗೊಳಿಸಿದಾಗ ಕೊಲ್ಲುವ ಗುಣ ಹೊರಟುಹೋಯಿತು. 2012ರಲ್ಲಿ ಅದೇ ತಂಡ ಕೊಲ್ಲುವ ವಸ್ತುವನ್ನು ಹೆಸರಿಸಿತು: ಪ್ಲೇಟ್‌ಲೆಟ್ ಫ್ಯಾಕ್ಟರ್ 4. ಇದರಲ್ಲಿ ಸುಮಾರು 70 ಅಮೈನೋ ಆಮ್ಲಗಳಿವೆ. ಪೆಪ್ಟೈಡ್ ಎನ್ನಲು ತುಸು ದೊಡ್ಡದು, ಪ್ರೋಟೀನ್ ಎನ್ನಲು ತುಸು ಚಿಕ್ಕದು. ಪ್ಲೇಟ್‌ಲೆಟ್ ಇದನ್ನು ತನ್ನ ಒಡಲ ಕಣಿಕೆಗಳಲ್ಲಿ ತುಂಬಿಟ್ಟುಕೊಂಡಿರುತ್ತದೆ; ಸೋಂಕಿತ ಕಣಕ್ಕೆ ಅಂಟಿದೊಡನೆ ಅಲ್ಲೇ ಸುರಿಯುತ್ತದೆ. ಅದು ಕೆಂಪುಕಣದ ಮೈಮೇಲಿನ ಡಫಿ ಎಂಬ ಗ್ರಾಹಕವನ್ನು, ಅಂದರೆ ಕೊಂಡಿಯಂಥ ಒಂದು ಪ್ರೋಟೀನನ್ನು, ಹಿಡಿದುಕೊಂಡು ಒಳಗೆ ಇಳಿಯುತ್ತದೆ.

ಒಳಗೆ ಹೋಗಿ ಎಲ್ಲಿಗೆ ಹೊಡೆಯುತ್ತದೆ? ಅದೇ ವರ್ಷ ಅಮೆರಿಕದ ಇನ್ನೊಂದು ತಂಡ ಅದನ್ನೂ ತೋರಿಸಿತು. ಆ ಊಟದ ಚೀಲಕ್ಕೇ ಹೋಗಿ ಅದರ ಪೊರೆ ಒಡೆಯುತ್ತದೆ. ಆಮ್ಲ, ಕಿಣ್ವ, ಅರೆಬೆಂದ ಹೀಮ್ ಎಲ್ಲ ಪರಾವಲಂಬಿಯ ಮೈಯೊಳಗೆ ಸುರಿದು ಅದು ತನ್ನದೇ ಜಠರಾಗ್ನಿಯಲ್ಲಿ ಬೇಯುತ್ತದೆ. ಕೆಂಪುಕಣದ ಪೊರೆಗೆ ಏನೂ ಆಗುವುದಿಲ್ಲ. ಕ್ಲೋರೋಕ್ವಿನ್ ಮಾತ್ರೆ ಕೆಲಸ ಮಾಡುವುದೂ ಇದೇ ಚೀಲದಲ್ಲಿ, ಹೀಮ್ ಹರಳುಗಟ್ಟದಂತೆ ತಡೆದು. ಮನುಷ್ಯ ಔಷಧ ಕಂಡುಹಿಡಿಯುವ ಎಷ್ಟೋ ಮೊದಲೇ ದೇಹಕ್ಕೆ ಆ ಮರ್ಮಸ್ಥಾನ ಸಿಕ್ಕಿತ್ತು ಎಂದಾಯಿತು.

ಇದು ಬರೀ ಗಾಜಿನ ತಟ್ಟೆಯ ಕಥೆ ಇರಬಹುದು ಎಂಬ ಅನುಮಾನ ವಿಜ್ಞಾನಿಗಳಿಗೂ ಇತ್ತು. 2018ರಲ್ಲಿ ಇಂಡೋನೇಷ್ಯಾದ ಪಾಪುವಾ ಮುಂತಾದ ಕಡೆಯ ಮಲೇರಿಯಾ ರೋಗಿಗಳ ರಕ್ತವನ್ನೇ ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ರೋಗಿಗಳ ರಕ್ತದಲ್ಲೂ ಪ್ಲೇಟ್‌ಲೆಟ್ ಅಂಟಿದ ಸೋಂಕಿತ ಕಣಗಳಿದ್ದವು, ಅವುಗಳೊಳಗೆ ಈ ಪ್ರೋಟೀನ್ ಇತ್ತು, ಪರಾವಲಂಬಿಗಳು ಸಾಯುತ್ತಿದ್ದವು. ಫಾಲ್ಸಿಪೇರಂ ಮಾತ್ರವಲ್ಲ, ನಮ್ಮಲ್ಲಿ ಸಾಮಾನ್ಯವಾದ ವೈವ್ಯಾಕ್ಸ್ ಸಹ.

ಡಫಿ ಗ್ರಾಹಕದ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ವೈವ್ಯಾಕ್ಸ್ ಪರಾವಲಂಬಿ ಕೆಂಪುಕಣದೊಳಗೆ ನುಗ್ಗುವ ಬಾಗಿಲು ಇದೇ ಡಫಿ. ಪಶ್ಚಿಮ ಆಫ್ರಿಕದ ಬಹುತೇಕ ಜನರ ಕೆಂಪುಕಣಗಳಲ್ಲಿ ಅದು ಇಲ್ಲ. ಹಾಗಾಗಿಯೇ ಅವರಿಗೆ ವೈವ್ಯಾಕ್ಸ್ ಬರುವುದು ತೀರ ಅಪರೂಪ ಎಂದು ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದ್ದರು. ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಆದರೆ ಡಫಿ ಇಲ್ಲದ ಕಣಕ್ಕೆ ಪ್ಲೇಟ್‌ಲೆಟ್ ಫ್ಯಾಕ್ಟರ್ 4 ಕೂಡ ಇಳಿಯಲಾರದು. ಒಂದು ಮಲೇರಿಯಾಕ್ಕೆ ಬಾಗಿಲು ಹಾಕಿಕೊಂಡವರು ಇನ್ನೊಂದು, ಹೆಚ್ಚು ಮಾರಕವಾದ ಮಲೇರಿಯಾದ ವಿರುದ್ಧ ಒಂದು ರಕ್ಷಣೆಯನ್ನು ಕಳೆದುಕೊಂಡರು. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಡಫಿ ಇದೆ. ನಮಗೆ ಎರಡೂ ಬರುತ್ತವೆ, ಪ್ಲೇಟ್‌ಲೆಟ್ಟಿನ ನೆರವೂ ಸಿಗುತ್ತದೆ.

ಈ ನೆರವಿಗೂ ಮಿತಿ ಇದೆ. ಮಲೇರಿಯಾ ಜೋರಾದಾಗ ಪ್ಲೇಟ್‌ಲೆಟ್ ಎಣಿಕೆ ಕುಸಿಯುತ್ತದೆ. ಮೆದುಳಿಗೆ ಏರಿದ ಮಲೇರಿಯಾದಲ್ಲಿ ಇದೇ ಪ್ಲೇಟ್‌ಲೆಟ್‌ಗಳು ಸೋಂಕಿತ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಸಣ್ಣ ರಕ್ತನಾಳಗಳ ಗೋಡೆಗೆ ಮೆತ್ತಿ ಹಾನಿ ಹೆಚ್ಚಿಸುತ್ತವೆ. ಕೋವಿಡ್ ಲಸಿಕೆಗಳಲ್ಲಿ ಕೆಲವಕ್ಕೆ ತೀರ ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬಂತು ಎಂದು 2021ರಲ್ಲಿ ಓದಿದ್ದು ನೆನಪಿದೆಯೇ? ಅಲ್ಲಿ ದೇಹ ಪ್ರತಿಕಾಯ ಹುಟ್ಟಿಸಿದ್ದು ಈ ಪ್ಲೇಟ್‌ಲೆಟ್ ಫ್ಯಾಕ್ಟರ್ 4ರ ವಿರುದ್ಧವೇ. "ರೋಗನಿರೋಧಕ ಶಕ್ತಿ ಹೆಚ್ಚಿಸಿ" ಎಂದು ಡಬ್ಬಿಗಳ ಮೇಲೆ ಬರೆದು ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಯಾವುದನ್ನು ಹೆಚ್ಚಿಸಬೇಕು, ಎಲ್ಲಿ, ಎಷ್ಟು ಹೊತ್ತು?

ಈಗ ಎರಡನೆಯ ಪಾತ್ರಧಾರಿ, ಗ್ರಾನುಲೈಸಿನ್. ಇದು ಕೊಲೆಗಾರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಬಳಿ ಇರುತ್ತದೆ. ಲೀಶ್‌ಮೇನಿಯಾ, ಟಾಕ್ಸೋಪ್ಲಾಸ್ಮಾದಂಥ ಪರಾವಲಂಬಿಗಳು ನಮ್ಮ ಕೋಶಗಳ ಒಳಗೇ ಮನೆ ಮಾಡಿಕೊಂಡಿರುತ್ತವೆ. ಹೊರಗೆ ಪೆಪ್ಟೈಡ್ ಎಷ್ಟಿದ್ದರೇನು? 2016ರಲ್ಲಿ ಅಮೆರಿಕದ ಜೂಡಿ ಲೀಬರ್‌ಮನ್ ಅವರ ತಂಡ ಒಂದು ಸರಣಿ ಕೆಲಸವನ್ನು ಬಿಡಿಸಿ ತೋರಿಸಿತು. ಲಿಂಫೋಸೈಟ್ ಮೊದಲು ಪರ್ಫೋರಿನ್ ಎಂಬ ಪ್ರೋಟೀನಿನಿಂದ ಸೋಂಕಿತ ಕೋಶದ ಹೊರಪೊರೆಯಲ್ಲಿ ರಂಧ್ರ ಮಾಡುತ್ತದೆ. ಆ ದಾರಿಯಲ್ಲಿ ಗ್ರಾನುಲೈಸಿನ್ ಒಳಗೆ ಇಳಿದು, ಕೊಲೆಸ್ಟರಾಲ್ ಕಡಿಮೆಯಿರುವ ಪರಾವಲಂಬಿಯ ಪೊರೆಯನ್ನು ಆರಿಸಿ ತೂತು ಮಾಡುತ್ತದೆ. ಆ ತೂತಿನಿಂದ ಗ್ರಾನ್‌ಜೈಮ್ ಎಂಬ ಕಿಣ್ವ ಪರಾವಲಂಬಿಯೊಳಗೆ ಹೋಗಿ ಅದನ್ನು ಮುಗಿಸುತ್ತದೆ. ಕೋಶ ತಾನೂ ಸಾಯುತ್ತದೆ, ಪರಾವಲಂಬಿ ಅದಕ್ಕೂ ಮೊದಲೇ ಸಾಯುತ್ತದೆ. ಪಾರಾಗಿ ಪಕ್ಕದ ಕೋಶಕ್ಕೆ ಹೋಗಲು ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. 2018ರಲ್ಲಿ ವೈವ್ಯಾಕ್ಸ್ ಸೋಂಕಿದ ಎಳೆಯ ಕೆಂಪುಕಣಗಳನ್ನೂ ಲಿಂಫೋಸೈಟ್‌ಗಳು ಗ್ರಾನುಲೈಸಿನ್‌ನಿಂದಲೇ ಕೊಲ್ಲುತ್ತವೆ, ಅಲ್ಲಿ ಪರ್ಫೋರಿನ್ ಕೂಡ ಬೇಕಿಲ್ಲ ಎಂದು ಬ್ರೆಜಿಲ್ ರೋಗಿಗಳ ರಕ್ತದಲ್ಲಿ ಕಂಡುಬಂತು.

ಇಲ್ಲೊಂದು ತಮಾಷೆ ಇದೆ. ಆಮಶಂಕೆ ತರುವ ಅಮೀಬಾದ ಬಳಿಯೂ ಪೊರೆ ತೂತು ಮಾಡುವ ಪೆಪ್ಟೈಡ್ ಇದೆ, ಹೆಸರು ಅಮೀಬಾಪೋರ್. ಅದರ ರಚನೆ ಬಿಡಿಸಿ ನೋಡಿದರೆ ಅದು ನಮ್ಮ ಗ್ರಾನುಲೈಸಿನ್‌ನ ಮನೆತನದ್ದೇ. ಅಮೀಬಾ ತಾನು ನುಂಗಿದ ಬ್ಯಾಕ್ಟೀರಿಯಾವನ್ನು ಅದರಿಂದ ಕೊಲ್ಲುತ್ತದೆ. ನಾವು ಕಾಲದ ಹಾದಿಯಲ್ಲಿ ಎಂದೋ ಬೇರೆಯಾದ ದಾಯಾದಿಗಳು, ಕೈಯಲ್ಲಿ ಒಂದೇ ಕುಲುಮೆಯ ಕತ್ತಿ.

ಕರುಳಿನ ಮಾತು ಬಂದದ್ದರಿಂದ ಜಿಯಾರ್ಡಿಯಾದ ಬಗ್ಗೆಯೂ ಹೇಳುತ್ತೇನೆ. ಮಕ್ಕಳಿಗೆ ವಾಸನೆಯ ಭೇದಿ, ಹೊಟ್ಟೆಯುಬ್ಬರ ತರುವ ಈ ಜೀವಿ ಸಣ್ಣಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅಲ್ಲಿಯ ಮಡಿಕೆಗಳ ತಳದಲ್ಲೇ ಪ್ಯಾನೆತ್ ಕೋಶಗಳು ಡಿಫೆನ್ಸಿನ್ ಸ್ರವಿಸುತ್ತವೆ. ಮನುಷ್ಯನ ಬಿಳಿಕಣದ ಡಿಫೆನ್ಸಿನ್, ಇಲಿಯ ಕರುಳಿನ ಡಿಫೆನ್ಸಿನ್ ಎರಡೂ ಜಿಯಾರ್ಡಿಯಾವನ್ನು ಕೊಲ್ಲುತ್ತವೆ ಎಂದು 1994ರಲ್ಲಿ ಪ್ರಯೋಗನಳಿಕೆಯಲ್ಲಿ ತೋರಿಸಲಾಯಿತು. ಆದರೆ ಉಪ್ಪಿನಂಶ ಏರಿದಂತೆ ಡಿಫೆನ್ಸಿನ್‌ನ ಶಕ್ತಿ ಇಳಿಯುತ್ತದೆ, ನಳಿಕೆಯ ಪೌರುಷ ಕರುಳಿನಲ್ಲಿ ನಡೆಯುತ್ತದೆ ಎನ್ನಲಾಗದು. ತಾಯಿಯ ಹಾಲು ಜಿಯಾರ್ಡಿಯಾವನ್ನೂ ಅಮೀಬಾವನ್ನೂ ಕೊಲ್ಲುತ್ತದೆ ಎಂಬ ವರದಿ 1983ರಷ್ಟು ಹಳೆಯದು. ಅಲ್ಲಿ ಮುಖ್ಯ ಕೆಲಸ ಹಾಲಿನ ಕೊಬ್ಬನ್ನು ಕರಗಿಸುವ ಕಿಣ್ವದ್ದು. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಅವುಗಳನ್ನು ಸಾಯಿಸುತ್ತವೆ. ಹಾಲಿನ ಲ್ಯಾಕ್ಟೋಫೆರಿನ್ ಪ್ರೋಟೀನ್ ತುಂಡಾದಾಗ ಸಿಗುವ ಪೆಪ್ಟೈಡ್‌ಗಳೂ ಜಿಯಾರ್ಡಿಯಾವನ್ನು ಕೊಲ್ಲುತ್ತವೆ ಎಂಬುದು ಆಮೇಲೆ ತಿಳಿಯಿತು. ಎಲ್ಲ ಹಿರಿಮೆಯನ್ನೂ ಪೆಪ್ಟೈಡ್‌ಗಳಿಗೇ ಕಟ್ಟುವ ಉದ್ದೇಶ ನನಗಿಲ್ಲ.

ಪರಾವಲಂಬಿಗಳು ಸುಮ್ಮನೆ ಪೆಟ್ಟು ತಿನ್ನುತ್ತಾ ಕೂರುವುದಿಲ್ಲ. ಲೀಶ್‌ಮೇನಿಯಾದ ಮೈತುಂಬ ಜಿಪಿ63 ಎಂಬ ಕಿಣ್ವ ಇದೆ. ಹತ್ತಿರ ಬಂದ ಪೆಪ್ಟೈಡನ್ನು ಅದು ಕತ್ತರಿಸಿ ಹಾಕುತ್ತದೆ. ಅಮೀಬಾದ ಸೋಂಕಾದಾಗ ಕರುಳು ಎಲ್‌ಎಲ್-37 ತಯಾರಿಸುತ್ತದೆ, ಅಮೀಬಾ ತನ್ನ ಕಿಣ್ವಗಳಿಂದ ಅದನ್ನು ಚೂರು ಮಾಡಿ ಆರಾಮವಾಗಿರುತ್ತದೆ. ಪ್ಲಾಸ್ಮೋಡಿಯಂ ಇನ್ನೂ ಜಾಣ. ಕೆಂಪುಕಣದ ಪೊರೆ, ತಾನು ಕುಳಿತ ಚೀಲದ ಪೊರೆ, ತನ್ನದೇ ಪೊರೆ ಎಂದು ಮೂರು ಗೋಡೆಗಳ ಹಿಂದೆ ಅಡಗಿರುತ್ತದೆ. ಪ್ಲೇಟ್‌ಲೆಟ್ ಅದನ್ನು ಮುಟ್ಟುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಇವೆಲ್ಲ ಇಷ್ಟು ತಡವಾಗಿ ಗೊತ್ತಾದದ್ದಕ್ಕೆ ಇಲಿಯ ಪಾಲೂ ಇದೆ. ಪ್ರಯೋಗಾಲಯದಲ್ಲಿ ಮನುಷ್ಯನ ಬದಲಿಗೆ ನಿಲ್ಲುವುದು ಇಲಿ. ಆದರೆ ಇಲಿಯ ದೇಹದಲ್ಲಿ ಗ್ರಾನುಲೈಸಿನ್ ಇಲ್ಲವೇ ಇಲ್ಲ. ಮನುಷ್ಯನ ನ್ಯೂಟ್ರೋಫಿಲ್ ಎಂಬ ಬಿಳಿಕಣದಲ್ಲಿ ತುಂಬಿ ತುಳುಕುವ ಡಿಫೆನ್ಸಿನ್ ಇಲಿಯ ಅದೇ ಕಣದಲ್ಲಿಲ್ಲ. ಎಲ್‌ಎಲ್-37ರ ಜೀನ್ ಮನುಷ್ಯನಲ್ಲಿ ಡಿ ವಿಟಮಿನ್ನಿನ ಮಾತು ಕೇಳುತ್ತದೆ, ಇಲಿಯಲ್ಲಿ ಕೇಳುವುದಿಲ್ಲ. ಇಲಿಯಲ್ಲಿ ಇಲ್ಲದ್ದನ್ನು ಇಲಿಯಲ್ಲಿ ಹುಡುಕಿ "ಮಹತ್ವವಿಲ್ಲ" ಎಂದು ಬರೆದರೆ ಅದು ಇಲಿಯ ತಪ್ಪಲ್ಲ.

ಇನ್ನು ಪ್ರಶ್ನೆಗಳು.

ಮೊದಲು ಎದ್ದವರು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. "ಸರ್, ಇಷ್ಟೆಲ್ಲ ಗೊತ್ತಿದ್ದ ಮೇಲೆ ಇದನ್ನೇ ಇಂಜೆಕ್ಷನ್ ಮಾಡಿ ಕೊಡಬಾರದೇಕೆ?" ಪ್ರಯತ್ನ ನಡೆದಿದೆ, ಮೇಡಂ. ಕಪ್ಪೆಯ ಮ್ಯಾಗೈನಿನ್ ಆಧರಿಸಿದ ಪೆಕ್ಸಿಗನಾನ್ ಎಂಬ ಮುಲಾಮು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದು ಬಂತು, 1999ರಲ್ಲಿ ಅಮೆರಿಕದ ಔಷಧ ಇಲಾಖೆ ಅದಕ್ಕೆ ಅನುಮತಿ ಕೊಡಲಿಲ್ಲ. ಆಗಲೇ ಇದ್ದ ಮಾತ್ರೆಗಳಿಗಿಂತ ಅದು ಮೇಲು ಎಂದು ಸಾಬೀತಾಗಲಿಲ್ಲ. ಪೆಪ್ಟೈಡನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆ ಜೀರ್ಣಿಸಿಬಿಡುತ್ತದೆ. ರಕ್ತಕ್ಕೆ ಕೊಟ್ಟರೆ ರಕ್ತದ ಕಿಣ್ವಗಳು ಬೇಗ ತುಂಡರಿಸುತ್ತವೆ, ಹೆಚ್ಚು ಕೊಟ್ಟರೆ ನಮ್ಮ ಕೋಶಗಳಿಗೇ ಪೆಟ್ಟು. ತಯಾರಿಕೆಯ ಖರ್ಚು ಬೇರೆ. ಕಾಡುಜೋಳದ ಮಾತು ಹೇಳಿದೆನಲ್ಲ, ತೊಂದರೆ ಅದೇ: ದೇಹ ಅದನ್ನು ಜಾಗ ನೋಡಿ ಇಡುತ್ತದೆ, ಸೂಜಿ ಎಲ್ಲ ಕಡೆ ಸುರಿಯುತ್ತದೆ. ಈಗ ಪ್ಲೇಟ್‌ಲೆಟ್ ಫ್ಯಾಕ್ಟರ್ 4ರಲ್ಲಿ ಕೊಲ್ಲುವ ತುಣುಕನ್ನಷ್ಟೇ ತೆಗೆದು, ಎರಡು ತುದಿ ಬೆಸೆದು ಉಂಗುರ ಮಾಡಿ ಗಟ್ಟಿಗೊಳಿಸುವ ಕೆಲಸ ನಡೆದಿದೆ. ಅದರಂತೆಯೇ ವರ್ತಿಸುವ ಸಣ್ಣ ರಾಸಾಯನಿಕಗಳನ್ನೂ ಸೋಂಕಿತ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಔಷಧದ ಅಂಗಡಿಗೆ ಇನ್ನೂ ಬಂದಿಲ್ಲ.

ಪದವಿ ಓದುವ ಹುಡುಗನೊಬ್ಬ ಕೇಳಿದ್ದು ಬಿಸಿಲಿನ ಬಗ್ಗೆ. ಡಿ ವಿಟಮಿನ್ನಿನಿಂದ ಎಲ್‌ಎಲ್-37 ಹೆಚ್ಚುತ್ತದೆ ಎಂದರೆ ವಿಜಯಪುರದ ಬಿಸಿಲಿನಲ್ಲಿ ನಮಗೆ ಯಾವ ಸೋಂಕೂ ಬರಬಾರದಲ್ಲ? ಜೀನಿಗೂ ಡಿ ವಿಟಮಿನ್ನಿಗೂ ಇರುವ ನಂಟು ನಿಜ, ಕ್ಷಯದ ಬ್ಯಾಕ್ಟೀರಿಯಾದ ವಿಷಯದಲ್ಲಿ 2006ರಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಆದರೆ ಜೀನು ಎಚ್ಚರವಾಗುವುದು ಬೇರೆ, ರೋಗ ಗುಣವಾಗುವುದು ಬೇರೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಊರಿನವರು ಬಿಸಿಲಿಗೆ ಹೋಗುವುದಿಲ್ಲ, ಬಿಸಿಲಿನಿಂದ ಓಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಪ್ಪಾಯಿ ಎಲೆಯ ರಸ ಕುಡಿದು ಪ್ಲೇಟ್‌ಲೆಟ್ ಹೆಚ್ಚಿಸಿಕೊಂಡರೆ ಮಲೇರಿಯಾ ಹೋಗುತ್ತದೆಯೇ ಎಂದು ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಇಲ್ಲ, ಅಮ್ಮ. ಡೆಂಗಿಯಲ್ಲಿ ಆ ರಸದಿಂದ ಎಣಿಕೆ ತುಸು ಬೇಗ ಏರುತ್ತದೆ ಎನ್ನುವ ಸಣ್ಣ ಅಧ್ಯಯನಗಳಿವೆ, ಜೀವ ಉಳಿಸುತ್ತದೆ ಎನ್ನುವ ಪುರಾವೆ ಇಲ್ಲ. ಮಲೇರಿಯಾ ಎಂದು ರಕ್ತಪರೀಕ್ಷೆಯಲ್ಲಿ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ವೈವ್ಯಾಕ್ಸ್ ಆಗಿದ್ದರೆ ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರೈಮಾಕ್ವಿನ್. ಜ್ವರ ಇಳಿಯಿತೆಂದು ಐದನೇ ದಿನಕ್ಕೆ ಬಿಟ್ಟರೆ ಯಕೃತ್ತಿನಲ್ಲಿ ಮಲಗಿರುವ ಪರಾವಲಂಬಿ ಕೆಲವು ತಿಂಗಳು ಬಿಟ್ಟು ಮತ್ತೆ ಏಳುತ್ತದೆ. ಏನೆಂದು ತಿಳಿಯದ ಜ್ವರಕ್ಕೆ ಆಸ್ಪಿರಿನ್ ನುಂಗಲೇಬೇಡಿ. ಡೆಂಗಿಯಾಗಿದ್ದರೆ ಅದು ನೇರ ಅಪಾಯ.

ಕೊನೆಯ ಪ್ರಶ್ನೆ ಎಂಬತ್ತರ ಆಸುಪಾಸಿನ ಹಿರಿಯರದು. ತಮ್ಮ ಕಾಲದಲ್ಲಿ ಬಾವಿಗೆ ಇಳಿದು ನೀರು ತುಂಬುತ್ತಿದ್ದವರ ಕಾಲಿನಿಂದ ನಾರು ಹುಳು ಹೊರಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತಿದ್ದರು ಎಂದು ನೆನಪಿಸಿಕೊಂಡು, "ಆಗ ನಿಮ್ಮ ಈ ಪೆಪ್ಟೈಡ್ ಎಲ್ಲಿಗೆ ಹೋಗಿತ್ತು?" ಎಂದು ಕೇಳಿದರು. ಸಭೆ ನಕ್ಕಿತು, ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಅಜ್ಜನವರೇ, ಅರ್ಧ ಮೀಟರಿಗೂ ಉದ್ದದ, ದಪ್ಪ ಹೊರಕವಚದ ಹುಳುವಿಗೆ ಪೊರೆ ತೂತು ಮಾಡುವ ಪೆಪ್ಟೈಡ್ ಏನು ಮಾಡೀತು? ಹುಳುಗಳ ಮೇಲೆ ಇಯೋಸಿನೋಫಿಲ್ ಎಂಬ ಬಿಳಿಕಣಗಳು ಹೋಗಿ ಕುಳಿತು ಧನ ವಿದ್ಯುದಂಶದ ಪ್ರೋಟೀನ್ ಸುರಿಯುತ್ತವೆ. ಎಳೆಯ ಮರಿಗಳಾದರೆ ಸಾಯುತ್ತವೆ, ಬೆಳೆದ ಹುಳು ಬಗ್ಗುವುದಿಲ್ಲ. ನಾರು ಹುಳುವಿಗೆ ಲಸಿಕೆಯೂ ಇರಲಿಲ್ಲ, ಔಷಧವೂ ಇರಲಿಲ್ಲ. ಮೆಟ್ಟಿಲು ಬಾವಿಗಳ ಬದಲು ಕೊಳವೆಬಾವಿ ಬಂತು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಜನ ರೂಢಿ ಮಾಡಿಕೊಂಡರು, ಹುಳುವಿನ ಮರಿ ಹೊತ್ತ ನೀರಿನ ಸಣ್ಣ ಕೀಟಗಳು ಹೊಟ್ಟೆಗೆ ಹೋಗುವುದು ನಿಂತಿತು. ದೇಶದ ಕಡೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಳು ಮುಕ್ತ ಎಂದು ಘೋಷಿಸಿತು. ಈಗ ಆಫ್ರಿಕದ ಕೆಲವೇ ದೇಶಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರಿಗೆ ಬರುತ್ತದೆ. ಚಾಡ್ ದೇಶದಲ್ಲಿ ಅದು ನಾಯಿಗಳಿಗೆ ಅಂಟಿಕೊಂಡಿದೆ. ನೀರು ಸೋಸಿ ಕುಡಿ ಎಂದು ನಾಯಿಗೆ ಹೇಳುವುದು ಹೇಗೆ ಎಂಬುದು ಸದ್ಯ ಅಲ್ಲಿನವರ ತಲೆನೋವು.